ವಾಹನಗಳ ಸುರಕ್ಷತಾ ಸಾಧನಗಳನ್ನು ಸ್ಥಗಿತಗೊಳಿಸಿದಾಗ ಚಾಲಕರಿಗೆ ಉಂಟಾಗುವ ಅಪಾಯ: ಅರ್ಜಿದಾರರಿಗೆ ಮಾಹಿತಿ

ಅರ್ಹತಾ ಪತ್ರದ ನವೀಕರಣಕ್ಕಾಗಿ ಅಥವಾ ಮಾಲೀಕತ್ವದ ವರ್ಗಾವಣೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ತೆರಿಗೆ, ವಿಮೆ ಹಾಗೂ ಹೊಗೆ ತಪಾಸಣಾ ಪತ್ರಗಳ ಬಗ್ಗೆ ಸಾಮಾನ್ಯವಾಗಿ ಎಚ್ಚರ ವಹಿಸುತ್ತಾರೆ. ಆದರೆ ತಯಾರಕರು ವಾಹನದಲ್ಲಿ ಅಳವಡಿಸಿರುವ ಸುರಕ್ಷತಾ ಸಾಧನಗಳು ಕಾರ್ಯನಿರ್ವಹಿಸುತ್ತಿವೆಯೇ, ಅಥವಾ ಹಿಂದೆ ಯಾರಾದರೂ ಅವುಗಳನ್ನು ನಿಷ್ಕ್ರಿಯಗೊಳಿಸಿದ್ದಾರೆಯೇ ಎಂಬ ಅಂಶವು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಕಡ್ಡಾಯಗೊಳಿಸಲಾದ ಸಾಧನಗಳು

ದಿನಾಂಕ 1-7-2019 ರಿಂದ ತಯಾರಾದ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಮುಂದಿನ ಆಸನಗಳ ಸೀಟ್ ಬೆಲ್ಟ್ ಎಚ್ಚರಿಕೆ ಗಂಟೆ, ವೇಗದ ಎಚ್ಚರಿಕೆ ಗಂಟೆ ಮತ್ತು ಹಿಮ್ಮುಖ ಚಾಲನೆಯ ಸಂವೇದಕಗಳು ಕಡ್ಡಾಯವಾಗಿವೆ. ವೇಗದ ಗಂಟೆಯು ಗಂಟೆಗೆ 80 ಕಿ.ಮೀ. ಮೀರಿದಾಗ ಆಗಾಗ್ಗೆ, 120 ಕಿ.ಮೀ. ಮೀರಿದಾಗ ನಿರಂತರವಾಗಿ ಸದ್ದು ಮಾಡುತ್ತದೆ. 125 ಸಿ.ಸಿ.ಗಿಂತ ಹೆಚ್ಚಿನ ಸಾಮರ್ಥ್ಯದ ದ್ವಿಚಕ್ರ ವಾಹನಗಳಿಗೆ ಚಕ್ರ ಬಿಗಿಯುವುದನ್ನು ತಡೆಯುವ ಎ.ಬಿ.ಎಸ್. ಬ್ರೇಕ್ ವ್ಯವಸ್ಥೆಯು 2019ರ ಏಪ್ರಿಲ್‌ನಿಂದ ಪೂರ್ಣವಾಗಿ ಕಡ್ಡಾಯವಾಗಿದೆ.

ಸ್ಥಗಿತಗೊಳಿಸುವ ಎರಡು ಬಗೆ

ತಯಾರಕರೇ ಗುಂಡಿಯನ್ನು ಒದಗಿಸಿರುವ ಸಂದರ್ಭಗಳನ್ನು ಮೊದಲು ಪ್ರತ್ಯೇಕಿಸಿ ನೋಡಬೇಕಾಗುತ್ತದೆ. ಕೆಸರಿನಲ್ಲಿ ಹೂತ ಕಾರನ್ನು ಹೊರತೆಗೆಯಲು ಚಕ್ರಗಳು ಸ್ವಲ್ಪ ಜಾರಿ ತಿರುಗುವುದು ಅವಶ್ಯಕ. ಆಗ ಸ್ಥಿರತಾ ನಿಯಂತ್ರಣವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದರಲ್ಲಿ ತಪ್ಪಿಲ್ಲ. ಕೆಲವು ಸಾಹಸ ಬೈಕುಗಳಲ್ಲಿ ಜಲ್ಲಿ ರಸ್ತೆಗಾಗಿ ಹಿಂದಿನ ಚಕ್ರದ ಎ.ಬಿ.ಎಸ್. ಅನ್ನು ನಿಲ್ಲಿಸುವ ಅವಕಾಶವಿದೆ. ಕೆಸರು ದಾಟಿ ಡಾಂಬರು ರಸ್ತೆಗೆ ಬಂದ ಮೇಲೂ ಗುಂಡಿಯನ್ನು ಮರಳಿ ಒತ್ತಲು ಮರೆಯುವುದೇ ಇಲ್ಲಿನ ತೊಂದರೆ.

ಎರಡನೆಯ ಬಗೆಯು ಇದಕ್ಕಿಂತ ಗಂಭೀರವಾದುದು. ಸೀಟ್ ಬೆಲ್ಟ್ ಕೊಂಡಿಯೊಳಗೆ ಖಾಲಿ ಕ್ಲಿಪ್ ಸಿಕ್ಕಿಸುವುದು, ಫ್ಯೂಸ್ ತೆಗೆಯುವುದು, ವೇಗ ನಿಯಂತ್ರಕದ ತಂತಿ ಕತ್ತರಿಸುವುದು ಈ ವರ್ಗಕ್ಕೆ ಸೇರುತ್ತವೆ. ಗಂಟೆಯ ಸದ್ದನ್ನು ಅಡಗಿಸುವ ಇಂತಹ ಕ್ಲಿಪ್‌ಗಳ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮೇ ತಿಂಗಳಿನಲ್ಲಿ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶ ನೀಡಿದ್ದು, ಸುಮಾರು 13 ಸಾವಿರ ಮಾರಾಟ ಪ್ರಕಟಣೆಗಳನ್ನು ತೆಗೆದುಹಾಕಲಾಯಿತು.

ಕ್ಲಿಪ್ ಸಿಕ್ಕಿಸುವವರು ಸದ್ದನ್ನಷ್ಟೇ ನಿಲ್ಲಿಸಿರುವುದಾಗಿ ಭಾವಿಸುತ್ತಾರೆ. ವಾಸ್ತವದಲ್ಲಿ ಅವರು ವಾಹನದ ನಿಯಂತ್ರಣ ಘಟಕಕ್ಕೆ ಬೆಲ್ಟ್ ಧರಿಸಲಾಗಿದೆಯೆಂಬ ಸುಳ್ಳು ಮಾಹಿತಿಯನ್ನು ನೀಡಿರುತ್ತಾರೆ. ಏರ್‌ಬ್ಯಾಗ್ ಎಂಬುದು ಬೆಲ್ಟಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಉಬ್ಬುತ್ತದೆ. ಬೆಲ್ಟ್ ಇಲ್ಲದ ದೇಹವು ಅಷ್ಟರಲ್ಲಿ ಮುಂದಕ್ಕೆ ಸರಿದಿದ್ದಲ್ಲಿ, ರಕ್ಷಿಸಬೇಕಾದ ಚೀಲವೇ ಕುತ್ತಿಗೆ ಹಾಗೂ ಮುಖಕ್ಕೆ ಪೆಟ್ಟು ಕೊಡುವ ಸಂಭವವಿದೆ.

ಅಪಾಯವನ್ನು ಅಂದಾಜಿಸುವ ಕ್ರಮ

ಈ ಸಾಧನಗಳಿಲ್ಲದ ಕಾಲದಲ್ಲಿಯೂ ಜನರು ವಾಹನ ಓಡಿಸುತ್ತಿದ್ದರಲ್ಲವೇ ಎಂಬ ವಾದವು ಆಗಾಗ್ಗೆ ಕೇಳಿಬರುತ್ತದೆ. ಮೇಲ್ನೋಟಕ್ಕೆ ಸರಿಯೆನಿಸಿದರೂ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಸಾಧನಕ್ಕೆ ಒಗ್ಗಿಕೊಂಡ ಚಾಲಕನ ಅಭ್ಯಾಸವೇ ಬದಲಾಗಿರುತ್ತದೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳ ಪೈಕಿ ಕೆಲವಕ್ಕೆ ಎ.ಬಿ.ಎಸ್. ಅಳವಡಿಸಿ, ಉಳಿದವನ್ನು ಹಾಗೆಯೇ ಬಿಟ್ಟು ಅಧ್ಯಯನ ನಡೆಸಲಾಯಿತು. ಎ.ಬಿ.ಎಸ್. ಇದ್ದ ಟ್ಯಾಕ್ಸಿಗಳ ಅಪಘಾತಗಳು ನಿರೀಕ್ಷಿಸಿದಂತೆ ಕಡಿಮೆಯಾಗಲಿಲ್ಲ. ಅವುಗಳ ಚಾಲಕರು ತಿರುವುಗಳಲ್ಲಿ ಹೆಚ್ಚು ಬಿರುಸಾಗಿಯೂ ಮುಂದಿನ ವಾಹನಕ್ಕೆ ಹೆಚ್ಚು ಸಮೀಪವಾಗಿಯೂ ಚಲಿಸುತ್ತಿದ್ದುದು ಕಂಡುಬಂದಿತು.

ಇಂತಹ ಅಭ್ಯಾಸವುಳ್ಳ ಚಾಲಕನ ವಾಹನದಲ್ಲಿ ಎ.ಬಿ.ಎಸ್. ನಿಂತುಹೋಗಿದೆ ಎಂದು ಭಾವಿಸಿದಲ್ಲಿ, ಆತನು ಹಳೆಯ ಕಾಲದ ಚಾಲಕನ ಸ್ಥಿತಿಗೆ ಮರಳುವುದಿಲ್ಲ. ಹಳೆಯ ಚಾಲಕನು ಅಂತರ ಬಿಟ್ಟು ಚಲಿಸುತ್ತಿದ್ದನು. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಲು ಕಲಿತಿದ್ದನು. ಈತನು ಎರಡನ್ನೂ ಅರಿಯನು. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಪೂರ್ಣವಾಗಿ ಅದುಮಿದಾಗ ಕಾರಿನ ಮುಂದಿನ ಚಕ್ರಗಳು ಬಿಗಿದುಕೊಂಡು ಸ್ಟಿಯರಿಂಗ್ ತಿರುಗಿಸಿದರೂ ವಾಹನವು ನೇರವಾಗಿಯೇ ಜಾರುತ್ತದೆ. ದ್ವಿಚಕ್ರ ವಾಹನವಾದಲ್ಲಿ ಸವಾರನು ಬೀಳುತ್ತಾನೆ.

ವೇಗದ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಒಣ ರಸ್ತೆ, ಉತ್ತಮ ಟೈರು ಹಾಗೂ ಒಂದು ಸೆಕೆಂಡಿನ ಪ್ರತಿಕ್ರಿಯಾ ಸಮಯವನ್ನು ಪರಿಗಣಿಸಿದಲ್ಲಿ, ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 37 ಮೀಟರ್, 80 ಕಿ.ಮೀ. ವೇಗದಲ್ಲಿ ಸುಮಾರು 57 ಮೀಟರ್, 100 ಕಿ.ಮೀ. ವೇಗದಲ್ಲಿ ಸುಮಾರು 83 ಮೀಟರ್ ಬೇಕಾಗುತ್ತದೆ. ಕಿರಿಕಿರಿಯೆಂದು ಗಂಟೆಯನ್ನು ತೆಗೆಸಿದವರಿಗೆ ಸುಗಮವಾದ ಹೆದ್ದಾರಿಯಲ್ಲಿ 80 ಯಾವಾಗ 100 ಆಯಿತೆಂಬುದು ತಿಳಿಯುವುದೇ ಇಲ್ಲ.

ವೇಗ ನಿಯಂತ್ರಕ ಮತ್ತು ಸಂಬಳದ ಚಾಲಕರು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 118 ರಂತೆ, ವಿನಾಯಿತಿ ಪಡೆದ ವರ್ಗಗಳನ್ನು ಹೊರತುಪಡಿಸಿ, ಸಾರಿಗೆ ವಾಹನಗಳ ವೇಗವನ್ನು ಗಂಟೆಗೆ 80 ಕಿ.ಮೀ.ಗೆ ಸೀಮಿತಗೊಳಿಸುವ ನಿಯಂತ್ರಕವಿರತಕ್ಕದ್ದು. ಶಾಲಾ ವಾಹನ, ಟ್ಯಾಂಕರ್, ಡಂಪರ್‌ಗಳಿಗೆ ಈ ಮಿತಿಯು 60 ಕಿ.ಮೀ. ಆಗಿರುತ್ತದೆ. ಶಾಲಾ ಬಸ್ಸೊಂದು 60ರ ಬದಲು 80ರಲ್ಲಿ ಚಲಿಸಿದಾಗ ವೇಗವು ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚಿದರೂ, ಡಿಕ್ಕಿಯ ಶಕ್ತಿಯು ಶೇಕಡ 78 ರಷ್ಟು ಹೆಚ್ಚುತ್ತದೆ.

ನಿಯಂತ್ರಕದ ತಂತಿ ಕತ್ತರಿಸುವ ತೀರ್ಮಾನವನ್ನು ಹಲವು ವೇಳೆ ಚಾಲಕನು ಕೈಗೊಂಡಿರುವುದಿಲ್ಲ. ಸುತ್ತುಗಳ ಸಂಖ್ಯೆ ಹೆಚ್ಚಲೆಂದು ಮಾಲೀಕರು ಮಾಡಿಸಿದ್ದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಚಾಲಕನು ಅರಿಯದೆಯೇ ಇರಬಹುದು. ಲಾಭ ಒಬ್ಬರದು, ಜೀವ ಮತ್ತೊಬ್ಬರದು. ಆದುದರಿಂದ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 182ಎ(4) ರಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರನ್ನೇ ಹೊಣೆಗಾರರನ್ನಾಗಿ ಮಾಡಲಾಗಿದೆ. ಆರು ತಿಂಗಳವರೆಗಿನ ಕಾರಾಗೃಹ ವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ತಪಾಸಣೆಯ ದಿನದ ಮಟ್ಟಿಗೆ ತಂತಿ ಜೋಡಿಸಿ ಮರುದಿನ ಕಳಚುವ ಪದ್ಧತಿಗೂ ಇದು ಅನ್ವಯಿಸುತ್ತದೆ.

ಹಳೆಯ ವಾಹನ ಖರೀದಿಸುವವರ ಗಮನಕ್ಕೆ

ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30 ರಲ್ಲಿ ಸುರಕ್ಷತಾ ಸಾಧನಗಳ ಸ್ಥಿತಿಯನ್ನು ನಮೂದಿಸುವ ಅಂಕಣವಿಲ್ಲ. ಆದ್ದರಿಂದ ಸಹಿ ಮಾಡುವ ಮೊದಲು ಖರೀದಿದಾರರೇ ಪರಿಶೀಲಿಸಿಕೊಳ್ಳಬೇಕಾಗುತ್ತದೆ. ಕೀಲಿ ತಿರುಗಿಸಿದೊಡನೆ ಎ.ಬಿ.ಎಸ್. ಹಾಗೂ ಏರ್‌ಬ್ಯಾಗ್ ದೀಪಗಳು ಹೊತ್ತಿಕೊಳ್ಳಬೇಕು. ಏರ್‌ಬ್ಯಾಗ್ ದೀಪವು ಕೆಲವು ಸೆಕೆಂಡುಗಳಲ್ಲಿ ಆರುತ್ತದೆ. ದ್ವಿಚಕ್ರ ವಾಹನಗಳ ಎ.ಬಿ.ಎಸ್. ದೀಪವು ಸಾಮಾನ್ಯವಾಗಿ ವಾಹನವು ಸ್ವಲ್ಪ ಚಲಿಸಿದ ನಂತರ ಆರುತ್ತದೆ. ದೀಪವು ಆರದೇ ಉಳಿದಲ್ಲಿ ದೋಷವಿದೆ ಎಂದರ್ಥ. ದೀಪವು ಹೊತ್ತಿಕೊಳ್ಳದೆಯೇ ಇದ್ದಲ್ಲಿ ಬಲ್ಬು ಕೆಟ್ಟಿರಬಹುದು, ಅಥವಾ ದೋಷವನ್ನು ಮರೆಮಾಚಲು ಅದನ್ನು ತೆಗೆಸಿರಬಹುದು. ಆ ಬಳಿಕ ಬೆಲ್ಟ್ ಧರಿಸದೆ ಕಾರನ್ನು ನಿರ್ಜನ ಆವರಣದಲ್ಲಿ ನಿಧಾನವಾಗಿ ಸ್ವಲ್ಪ ದೂರ ಚಲಾಯಿಸಿದಾಗ ಗಂಟೆಯು ಸದ್ದು ಮಾಡದಿದ್ದಲ್ಲಿ, ಆಸನದ ಕೆಳಗಿನ ತಂತಿಗಳ ಜೋಡಣೆಯನ್ನು ಅಧಿಕೃತ ಸೇವಾ ಕೇಂದ್ರದಲ್ಲಿ ತೋರಿಸಿ ಸರಿಪಡಿಸಿಕೊಂಡ ನಂತರವೇ ವರ್ಗಾವಣೆಯ ಅರ್ಜಿಯನ್ನು ಸಲ್ಲಿಸುವುದು ಸೂಕ್ತ.