ಕಟ್ಟೆಯ ನೀರೂ ಗಣಕಯಂತ್ರದ ಲೆಕ್ಕವೂ

ಕೃಷ್ಣರಾಜಪೇಟೆಯ ಸೀಮೆಯನ್ನು ಹಾದು ಬರುವ ಹೇಮಾವತಿಯು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯೊಡನೆ ಒಂದಾಗುತ್ತದೆ. ಕಟ್ಟೆಯ ಪೂರ್ಣ ಮಟ್ಟ ೧೨೪.೮೦ ಅಡಿ, ಸಂಗ್ರಹ ೪೯.೪೫ ಟಿ.ಎಂ.ಸಿ. ಮಳೆ ಕೈಕೊಟ್ಟ ವರ್ಷ ಈ ನೀರು ಎಷ್ಟು ದಿನ ಬಂದೀತು ಎಂಬುದೇ ರೈತನ ಚಿಂತೆ.

ಇಂತಹ ಏರಿಳಿತಗಳನ್ನು ಅರಿಯಲು ವ್ಯವಸ್ಥಾ ಚಲನಶಾಸ್ತ್ರವೆಂಬುದೊಂದುಂಟು. ಅಮೆರಿಕದ ನೆಬ್ರಾಸ್ಕದಲ್ಲಿ ದನ ಸಾಕುವವರ ಮನೆಯಲ್ಲಿ ಬೆಳೆದ ಜೇ ಫಾರೆಸ್ಟರ್ ಅದನ್ನು ಎಂ.ಐ.ಟಿ.ಯಲ್ಲಿ ರೂಪಿಸಿ, ೧೯೬೧ರಲ್ಲಿ ಗ್ರಂಥವಾಗಿ ಹೊರತಂದರು. ಇಂದು ವೆನ್‌ಸಿಮ್, ಸ್ಟೆಲ್ಲಾ ಮುಂತಾದ ತಂತ್ರಾಂಶಗಳು ಅದನ್ನು ಮನೆಯ ಗಣಕಯಂತ್ರಕ್ಕೇ ತಂದಿವೆ.

ಕಲಿಯತೊಡಗುವವನು ಮೊದಲು ತೆರೆಯ ಮೇಲೊಂದು ಚೌಕ ಬರೆಯಬೇಕು; ಅದೇ ಸಂಗ್ರಹ, ಎಂದರೆ ಕಟ್ಟೆಯ ನೀರು. ಒಳಹರಿವಿಗೊಂದು ಕೊಳವೆ, ಹೊರಹರಿವಿಗೊಂದು. ಬಳಿಕ ಅಂಕಿಗಳನ್ನು ತುಂಬಬೇಕು. ಮಾದರಿಗಾಗಿ, ತುಂಬಿದ ಕಟ್ಟೆಗೆ ದಿನವೂ ಅರ್ಧ ಟಿ.ಎಂ.ಸಿ. ಬಂದು, ಒಂದು ಟಿ.ಎಂ.ಸಿ. ಹೊರಟಿತೆನ್ನೋಣ. ೯೯ನೆಯ ದಿನಕ್ಕೆ ಕಟ್ಟೆ ಬರಿದು!

ಹೊರಹರಿವನ್ನು ಮೊದಲ ದಿನವೇ ಮುಕ್ಕಾಲಿಗೆ ಇಳಿಸಿದರೆ ನೀರು ೧೯೭ ದಿನ ಬರುತ್ತದೆ. ಅದೇ ಕ್ರಮವನ್ನು ೬೦ ದಿನ ತಡಮಾಡಿ ಕೈಗೊಂಡರೆ ಬರುವುದು ೧೩೭ ದಿನ ಮಾತ್ರ. ದಿನಕ್ಕೆ ಉಳಿಸುವ ನೀರು ಅಷ್ಟೇ. ತಡವಾದುದಕ್ಕೆ ತೆತ್ತ ಬೆಲೆ ಎರಡು ತಿಂಗಳು. ತಂತ್ರಾಂಶವು ಮಳೆ ತರಿಸಲಾರದು; ನಾಲೆಯ ತೂಬನ್ನು ಎಂದು ತಗ್ಗಿಸಬೇಕೆಂಬುದನ್ನು ಮುಂದಾಗಿ ತೋರಿಸಬಲ್ಲುದು.