ಹೊಗೆಯಲ್ಲಿ ದಾರಿ ತೋರುವ ಹಾಳೆ

ಮೂಡಿಗೆರೆ ತಾಲ್ಲೂಕಿನ ದೇವರಮನೆ ಬೆಟ್ಟಕ್ಕೆ ಮಳೆಗಾಲದಲ್ಲಿ ಹೋದವರಿಗೆ ಅಲ್ಲಿನ ಮಂಜಿನ ಪರಿಚಯ ಇದ್ದೇ ಇರುತ್ತದೆ. ಕಾಲಭೈರವೇಶ್ವರ ದೇವಾಲಯದ ಎದುರು ನಿಂತವರಿಗೆ ಈಗ ಕಂಡ ಗುಡ್ಡ ಮರುಗಳಿಗೆಯಲ್ಲಿ ಕಾಣದು. ಆಗಲೂ ಊರಿನವರು ದಾರಿ ತಪ್ಪುವುದಿಲ್ಲ. ಹೊಸಬರು ನಿಂತಲ್ಲೇ ನಿಲ್ಲುತ್ತಾರೆ. ಕಣ್ಣು ಇಬ್ಬರದೂ ಒಂದೇ. ವ್ಯತ್ಯಾಸ ತಲೆಯೊಳಗಿನ ನಕ್ಷೆಯದು.

ಬೆಂಕಿ ಬಿದ್ದ ಕಟ್ಟಡದಲ್ಲಿ ಹೊಗೆ ಮಾಡುವುದೂ ಇದನ್ನೇ. ಮಂಜಾದರೆ ಸರಿಯುವವರೆಗೆ ಕಾಯಬಹುದು. ವಿಷಾನಿಲ ತುಂಬಿದ ಹೊಗೆಯಲ್ಲಿ ಕಾಯುವಂತಿಲ್ಲ. ಬೆಂಕಿ ಅನಾಹುತಗಳಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಹೆಚ್ಚು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಆದದ್ದು ಇದೇ. ಹೊಗೆ ಮಹಡಿಯಿಂದ ಮಹಡಿಗೆ ಹರಡಿತು. ದಾರಿ ಕಾಣದ ಜನ ಕಿಟಕಿ ಗಾಜು ಒಡೆದರು, ಕೆಲವರು ಕೆಳಕ್ಕೆ ಹಾರಿದರು. ಒಂಬತ್ತು ಮಂದಿ ಸತ್ತರು. ತುರ್ತು ಬಾಗಿಲುಗಳು ಮುಚ್ಚಿದ್ದವೆಂದು ಆಗ ವರದಿಯಾಗಿತ್ತು.

ಕಚೇರಿ, ವಸತಿಗೃಹಗಳ ಗೋಡೆಯ ಮೇಲೆ ತೂಗುವ 'ಪಾರಾಗುವ ದಾರಿಯ ನಕ್ಷೆ'ಗೆ ಅರ್ಥ ಬರುವುದು ಇಂಥ ಗಳಿಗೆಯಲ್ಲಿ. 1948ರ ಕಾರ್ಖಾನೆಗಳ ಕಾಯಿದೆಯ 38ನೇ ಕಲಮು ಸುರಕ್ಷಿತ ದಾರಿ ಇರಬೇಕು ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಆ ದಾರಿ ಪ್ರತಿ ಕಾರ್ಮಿಕನಿಗೂ ಗೊತ್ತಿರಬೇಕು, ಅದರ ತರಬೇತಿಯೂ ಆಗಿರಬೇಕು ಎಂದಿತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಎತ್ತರದ ಕಟ್ಟಡಗಳಿಗೆ ಇನ್ನೂ ವಿವರವಾದ ಸೂಚನೆ ನೀಡುತ್ತದೆ. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಳಿ, ಬೆಂಕಿ ಬಿದ್ದರೆ ಮೆಟ್ಟಿಲು ಬಳಸಿ ಎಂಬ ಫಲಕವಿರಬೇಕು. ಮೆಟ್ಟಿಲು ಎಲ್ಲಿದೆ ಎಂಬ ನಕ್ಷೆ ಅದರಲ್ಲಿ ಅಥವಾ ಅದೇ ಮಹಡಿಯ ಎದ್ದು ಕಾಣುವ ಜಾಗದಲ್ಲಿರಬೇಕು. ಈ ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯಗಳ ನಿಯಮಗಳು ಅದನ್ನು ಒಪ್ಪಿಕೊಂಡಾಗಲೇ ಅದಕ್ಕೆ ಬಲ.

ನಕ್ಷೆ ಹೇಗಿರಬೇಕು ಎಂಬುದಕ್ಕೆ 'ಐಎಸ್‌ಒ 23601' ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 'ನೀವು ಇಲ್ಲಿದ್ದೀರಿ' ಎಂಬ ಗುರುತು ಮೊದಲ ಅಗತ್ಯ. ಪಾರಾಗುವ ದಾರಿಗೆ ಹಸಿರು, ಬೆಂಕಿ ಆರಿಸುವ ಸಾಧನಗಳಿಗೆ ಕೆಂಪು. ಎಲ್ಲಕ್ಕಿಂತ ಮುಖ್ಯವಾದದ್ದು ದಿಕ್ಕು. ಶಾಲೆಯ ಭೂಪಟದಲ್ಲಿ ಉತ್ತರ ಮೇಲಿರುತ್ತದೆ. ಇಲ್ಲಿ ನೋಡುವವನ ಮುಂದಿರುವುದು ಮೇಲಿರಬೇಕು. ಅವನ ಎಡಕ್ಕಿರುವ ಮೆಟ್ಟಿಲು ಹಾಳೆಯಲ್ಲೂ ಎಡಕ್ಕೇ ಕಾಣಬೇಕು. ಆದ್ದರಿಂದ ಒಂದೇ ನಕ್ಷೆಯನ್ನು ನಕಲು ಮಾಡಿ ಎದುರುಬದುರು ಗೋಡೆಗೆ ಅಂಟಿಸಿದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತದೆ. ಗಾಬರಿಯಲ್ಲಿರುವವನಿಗೆ ಹಾಳೆಯನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ವ್ಯವಧಾನ ಎಲ್ಲಿಯದು?

ಬಾಗಿಲಿನತ್ತ ಓಡುವ ಹಸಿರು ಮನುಷ್ಯನ ಚಿತ್ರ ಹುಟ್ಟಿದ್ದು ಜಪಾನಿನಲ್ಲಿ. 1972ರಲ್ಲಿ ಒಸಾಕಾದ ಬಹುಮಹಡಿ ಮಳಿಗೆಯೊಂದರ ಬೆಂಕಿಗೆ 118 ಜನ ಬಲಿಯಾದ ನಂತರದ ವರ್ಷಗಳಲ್ಲಿ ಅದು ರೂಪುಗೊಂಡು ಜಗತ್ತಿಗೆಲ್ಲ ಹಬ್ಬಿತು. ಅಕ್ಷರ ಬಾರದವರಿಗೂ, ಬೇರೆ ಭಾಷೆಯವರಿಗೂ ಅದು ಅರ್ಥವಾಗುತ್ತದೆ. ಅಸ್ಸಾಮಿನಿಂದ ಬಂದ ಕಾರ್ಮಿಕರೂ ದುಡಿಯುವ ಕಾಫಿ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಎತ್ತರದ ಕಟ್ಟಡಗಳ ಈ ಸೂಚನೆಗಳು ಮಲೆನಾಡಿನ ಹೆಂಚಿನ ಮನೆಗೆ ನೇರವಾಗಿ ಅನ್ವಯಿಸುವುದಿಲ್ಲ. ಅವುಗಳ ಹಿಂದಿನ ಕಾರಣ ಅನ್ವಯಿಸುತ್ತದೆ. ಮೂಡಿಗೆರೆ, ಕಳಸದ ತೋಟದ ಮನೆಗಳು ಹೋಂಸ್ಟೇಗಳಾಗಿವೆ. ಮರದ ಅಟ್ಟದ ಕೆಳಗೆ, ನಾಲ್ಕು ಕೋಣೆ ದಾಟಿ ಮಲಗಿದ ಅತಿಥಿಗೆ ಬಂದ ಜಗಲಿಯ ಬಾಗಿಲೊಂದೇ ಗೊತ್ತು. ಬಚ್ಚಲ ಪಕ್ಕದ ಹಿತ್ತಿಲ ಬಾಗಿಲು ಮನೆಯವರಿಗೆ ಮಾತ್ರ ಗೊತ್ತು. ಕೋಣೆಯ ಬಾಗಿಲ ಹಿಂದೆ ಅಂಟಿಸಿದ ಒಂದು ಹಾಳೆ ಆ ತಿಳಿವಳಿಕೆಯನ್ನು ಅತಿಥಿಗೂ ದಾಟಿಸಬಲ್ಲದು.

ಆದರೆ ಹಾಳೆ ಬಾಗಿಲನ್ನು ತೆರೆಯಲಾರದು. ಸಂಹಿತೆ ಅಣಕು ಕಾರ್ಯಾಚರಣೆಯನ್ನೂ ಕೇಳುವುದು ಇದಕ್ಕೇ: ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ನಕ್ಷೆ ತೋರಿದ ದಾರಿಯಲ್ಲಿ ಒಮ್ಮೆ ನಡೆದು ನೋಡಿದರೆ ಮೆಟ್ಟಿಲಿಗೆ ಅಡ್ಡ ಪೇರಿಸಿದ ಮೂಟೆಯೂ, ಹಿತ್ತಿಲ ಬಾಗಿಲಿಗೆ ಜಡಿದ ಬೀಗವೂ ಹಗಲು ಬೆಳಕಿನಲ್ಲೇ ಕಣ್ಣಿಗೆ ಬೀಳುತ್ತವೆ.