ತಿಪ್ಪೆಗೆ ಸೂಜಿ ಸೇರದಿರಲಿ

ಸಿಹಿಮೂತ್ರ ರೋಗಕ್ಕಾಗಿ ದಿನಕ್ಕೆರಡು ಸಲ ಹೊಸ ಸಿರಿಂಜಿನಿಂದ ಇನ್ಸುಲಿನ್ ಚುಚ್ಚಿಕೊಂಡರೆ ವರುಷಕ್ಕೆ 730 ಸಿರಿಂಜುಗಳು ಕಸವಾಗುತ್ತವೆ. ಇವು ತಿಪ್ಪೆಗೆ ಬಿದ್ದರೆ ಗೊಬ್ಬರದೊಡನೆ ಊಟಿಯ ಆಲೂಗಡ್ಡೆ, ಕ್ಯಾರೆಟ್ ಮಡಿಗಳನ್ನು ಸೇರಿ, ಬರಿಗೈಯಲ್ಲಿ ಕಳೆ ಕೀಳುವವರಿಗೆ ಚುಚ್ಚುತ್ತವೆ. ರಕ್ತ ಸೋಕಿದ ಸೂಜಿಯಿಂದ ಕಾಮಾಲೆಯೂ ಅಂಟಬಹುದು.

ರೈತ ಬಾಂಧವರು ವೈದ್ಯರನ್ನು ಕೇಳಿ ಇನ್ಸುಲಿನ್ ಪೆನ್ನು ಕೊಳ್ಳುವುದು ಲೇಸು. 300 ಯೂನಿಟ್ಟಿನ ಔಷಧದ ಕೊಳವೆ ಮುಗಿದಾಗ ಅದನ್ನಷ್ಟೇ ಬದಲಿಸಿದರಾಯಿತು. ಪೆನ್ನು ವರುಷಗಟ್ಟಲೆ ಬಾಳುತ್ತದೆ. ಆದರೆ ಸೂಜಿಯಲ್ಲಿ ಉಳಿತಾಯ ಬೇಡ; ಒಬ್ಬರ ಪೆನ್ನನ್ನು ಇನ್ನೊಬ್ಬರು ಬಳಸಲೇಬಾರದು.

ಬಳಸಿದ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ತಗಡಿನ ಡಬ್ಬಿಯಲ್ಲಿ ಹಾಕಿರಿ. ಮುಕ್ಕಾಲು ತುಂಬಿದಾಗ ಬಿಗಿದು ಮುಚ್ಚಿ, ಮೇಲೆ ‘ಸೂಜಿ’ ಎಂದು ಬರೆದು, ಕಸ ಒಯ್ಯುವವರಿಗೆ ತಿಳಿಸಿ ಬೇರೆಯಾಗಿ ಕೊಡಿರಿ. ಸವರಿದ ಚಹಾ ಕಡ್ಡಿಗಳೊಡನೆ ಸುಡಬೇಡಿರಿ. ಪ್ಲಾಸ್ಟಿಕ್ ಉರಿದು ವಿಷಹೊಗೆಯಾಗುತ್ತದೆ, ಸೂಜಿ ಬೂದಿಯಲ್ಲಿ ಹಾಗೆಯೇ ಉಳಿಯುತ್ತದೆ.